ಬೀಗರ ಆಹೇರಿ

ಗುರುದೇವಿ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಆದರೂ ಹತ್ತು ವರ್ಷ ನಾನೇ ಅವಳಿಗೆ ತಾಯಿಯಾಗಿದ್ದೆ, ಅತ್ತೆಯಾಗಿದ್ದೆ, ಒಮ್ಮೆ ಚಿತ್ತಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಅಜ್ಜಿಯೂ ಆಗಿದ್ದೆ. ಮೂರು ಹೆತ್ತು ದಪ್ಪಗಾದ ಮೇಲೆ ನನ್ನನ್ನು ಯಾರೂ ಹೀರೋಯಿನ್ ಮಾಡಲಿಲ್ಲ. ಅವಳು ಒಂದೇ ಹೆತ್ತು, ನಡು ಸಣ್ಣಗೆ ಉಳಿಸಿಕೊಂಡಿದ್ದಳು. ಹ್ಯಾಂಡ್‌ಬಿಲ್ಲಿನಲ್ಲಿ ಅವಳ ಹೆಸರು ‘ಕು. ರತ್ನಮಾಲಾ, ಶಹಾಬಾದ’. ಕು. ಅಂದರೆ ಕುಮಾರಿ. ಆ ಕುಮಾರಿಗೆ ನಲವತ್ತೆರಡು ವರ್ಷ, ಮದುವೆಗೆ ಬಂದ ಮಗಳು. ನನ್ನ ಹೆಸರು ಶಹರಬಾನು. ಹ್ಯಾಂಡ್‌ಬಿಲ್ಲಿನಲ್ಲಿ ಸಣ್ಣ ಅಕ್ಷರದ ‘ಶಾಂತಾಬಾಯಿ’. ಕೆಲವು ಊರವರು ಅದನ್ನೂ ಹಾಕುತ್ತಿರಲಿಲ್ಲ, ‘ಮತ್ತು ಇತರರು’ ಅನ್ನುವುದರಲ್ಲೇ ನನ್ನನ್ನು ಮುಗಿಸುತ್ತಿದ್ದರು.

ನಮ್ಮ ಕಸುಬು ಹೇಗಿತ್ತು ಅಂದರೆ, ಸುಗ್ಗಿ ಮುಗಿದ ಮೇಲೆ ಹಳ್ಳಿಯ ಗಂಡಸರು ಒಂದು ನಾಟಕ ಹಿಡಿದು ಎರಡು ತಿಂಗಳು ಕಲಿಯುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ನಮ್ಮಂಥವರನ್ನು ಹೊರಗಿನಿಂದ ಕರೆಸುತ್ತಾರೆ. ನಾವು ನಾಟಕದ ದಿನವೇ ಹೋಗಬೇಕು, ಮಧ್ಯಾಹ್ನ ಒಂದು ಸಲ ಟ್ರಯಲ್ ನೋಡಬೇಕು, ರಾತ್ರಿ ಬಣ್ಣ ಹಚ್ಚಿ ನಿಲ್ಲಬೇಕು. ಮಾತು, ಹಾಡು ಎಲ್ಲ ಮೊದಲೇ ಬಾಯಿಪಾಠ ಇರಬೇಕು. ಶಹಾಬಾದ ಸ್ಟೇಶನ್ನಿನ ಹೊರಗೆ ಚಹಾದ ಅಂಗಡಿ ಇಟ್ಟಿದ್ದ ಬಾಬುಮಿಯಾ ನಮಗೆ ಊರುಗಳನ್ನು ಹಿಡಿದುಕೊಡುತ್ತಿದ್ದ. ಎರಡು ತಿಂಗಳು ನಾಟಕ ಕಲಿಸುವ ಮಾಸ್ತರನನ್ನೋ ಕಂಬವನ್ನೋ ಹೆಂಡತಿ ಅಂದುಕೊಂಡು ಕಲಿತ ಹೀರೋ, ನಿಜವಾದ ಹೆಣ್ಣು ಎದುರಿಗೆ ನಿಂತ ಕೂಡಲೇ ಅರ್ಧ ಮಾತು ಮರೆಯುತ್ತಿದ್ದ. ಅದನ್ನು ಸಂಭಾಳಿಸುವುದೇ ಹೀರೋಯಿನ್ನಿನ ಕೆಲಸ. ಗುರುದೇವಿ ಅದರಲ್ಲಿ ಪಳಗಿದ ಕೈ.

ಅವಳ ಗಂಡ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದವನು, ಮಗಳು ನಾಲ್ಕು ವರ್ಷದವಳಿದ್ದಾಗ ತೀರಿಹೋದ. ಮಗಳು ಮಾಣಿಕಳನ್ನು ನಾಲವಾರದ ಅಣ್ಣ ಅತ್ತಿಗೆಯರು ಸಾಕಿದರು. ಒಂದೇ ಕರಾರು: ಹುಡುಗಿ ಮರ್ಯಾದೆಯಿಂದ ಬೆಳೆಯಬೇಕು, ತಾಯಿ ಪದೇ ಪದೇ ಬರಬಾರದು. ಇವಳು ದುಡಿದದ್ದನ್ನೆಲ್ಲ ಅಲ್ಲಿಗೆ ಕಳಿಸಿದಳು, ಹಬ್ಬಕ್ಕೊಮ್ಮೆ ಪ್ಯಾಸೆಂಜರ್ ಗಾಡಿ ಹತ್ತಿ ಹೋಗಿ, ಸೆರಗು ಹೊದ್ದು ಒಂದು ರಾತ್ರಿ ಇದ್ದು ಬಂದಳು. ಹುಡುಗಿ ಅತ್ತೆಯನ್ನು ಅವ್ವ ಅನ್ನುತ್ತಿದ್ದಳು, ಇವಳನ್ನು ಶಹಾಬಾದ ಅವ್ವ ಅನ್ನುತ್ತಿದ್ದಳು. ನನಗಾಗಿದ್ದರೆ ಎದೆ ಒಡೆಯುತ್ತಿತ್ತು. ಅವಳು ಮಾತ್ರ, ‘ಅವ್ವ ಅನ್ನೋದು ಅದರಾಗೂ ಅದ ಅಲ್ಲ’ ಅಂತ ನಗುತ್ತಿದ್ದಳು.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ ಮರುವರ್ಷದ ಬೇಸಿಗೆಯಲ್ಲಿ ಮಾಣಿಕಳಿಗೆ ಗಂಡು ಗೊತ್ತಾಯಿತು. ಹುಡುಗ ಚಿಂಚೋಳಿ ಕಡೆಯ ಕೊಡ್ಲಿಯವನು, ಎಲ್ಲೋ ಸಾಲಿ ಮಾಸ್ತರ. ಮಾತುಕತೆ ಎಲ್ಲ ಅಣ್ಣನೇ ಮಾಡಿದ. ತಂದೆ ಇಲ್ಲ, ತಾಯಿ ಶಹಾಬಾದದ ಒಂದು ದವಾಖಾನೆಯಲ್ಲಿ ಆಯಾ ಅಂತ ಹೇಳಿದ. ಗುರುದೇವಿ ವರನನ್ನು ನೋಡಿದ್ದು ಫೋಟೋದಲ್ಲಿ ಮಾತ್ರ. ಆ ಫೋಟೋವನ್ನು ಬಣ್ಣದ ಪೆಟ್ಟಿಗೆಯ ಮುಚ್ಚಳದೊಳಗೆ ಇಟ್ಟುಕೊಂಡಿದ್ದಳು. ಹುಬ್ಬು ತೀಡುವಾಗಲೊಮ್ಮೆ, ತುಟಿಗೆ ಬಣ್ಣ ಹಚ್ಚುವಾಗಲೊಮ್ಮೆ ಅಳಿಯನ ಮುಖ ನೋಡುತ್ತಿದ್ದಳು.

ಲಗ್ನಕ್ಕೆ ಇನ್ನು ತಿಂಗಳಿದೆ ಅನ್ನುವಾಗ ಬಾಬುಮಿಯಾ ಸೇಡಂ ತಾಲೂಕಿನ ಮುಧೋಳದ ನಾಟಕ ಹಿಡಿದುಕೊಟ್ಟ. ವಾಡಿಯಲ್ಲಿ ಗಾಡಿ ಬದಲಿಸಿ, ಸೇಡಂನಲ್ಲಿ ಇಳಿದು, ಬಸ್ಸು ಹಿಡಿದು ಮಧ್ಯಾಹ್ನದ ಹೊತ್ತಿಗೆ ಊರು ಮುಟ್ಟಿದೆವು. ಸಾಲಿಯ ಒಂದು ಕೋಣೆಯಲ್ಲಿ ನಮಗೆ ಇಳಿಯಲು ವ್ಯವಸ್ಥೆ ಆಗಿತ್ತು. ನಾಟಕ ಬರೆದವನೂ ಕಲಿಸಿದವನೂ ಆದ ಮಡಿವಾಳಯ್ಯ ಮಾಸ್ತರ ಬೆವರು ಒರೆಸಿಕೊಳ್ಳುತ್ತ ಬಂದ.

“ಬಾಯಿ ಅವ್ರೇ, ಒಂದು ಗಡಬಡ ಆಗ್ಯದ. ನಮ್ಮ ಹೀರೋ ಎಂಟು ದಿನದ ಹಿಂದ ಬೇವಿನ ಗಿಡದಿಂದ ಬಿದ್ದು ಕಾಲು ಮುರ್ಕೊಂಡಾನ. ಸಾಲಿ ಮಾಸ್ತರ ಒಬ್ರು ಪಾಪ ಹೂಂ ಅಂದ್ರು. ಹೊಸಬ್ರು, ಜರಾ ಸಂಭಾಳಿಸ್ಕೋರಿ.”

ಹಿಂದೆಯೇ ಆ ಹೊಸಬರು ಬಂದು ಕೈ ಮುಗಿದರು. ಕೋಲುಮುಖ, ನಡುವೆ ಬೈತಲೆ, ಎಡಗಿವಿಯ ಹತ್ತಿರ ಒಂದು ಮಚ್ಚೆ. ಫೋಟೋದಲ್ಲಿದ್ದವನು ಕಾಲು ಬೆಳೆಸಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ.

“ನಾ ದೇವಿಂದ್ರಪ್ಪ ರಿ. ನಂದು ಊರು ಕೊಡ್ಲಿ. ಮಾತು ಪೂರಾ ಕಲ್ತೀನಿ, ಹಾಡಿನಾಗ ಮಾತ್ರ ತಾಳ ತಪ್ತದ.”

ಗುರುದೇವಿ ತಲೆ ಮೇಲೆ ಸೆರಗು ಎಳೆದುಕೊಂಡಳು. ಹತ್ತು ವರ್ಷದಲ್ಲಿ ಯಾವ ಹೀರೋನ ಎದುರೂ ಅವಳು ಹಾಗೆ ಸೆರಗು ಎಳೆದದ್ದನ್ನು ನಾನು ನೋಡಿರಲಿಲ್ಲ. ಅವರು ಹೋದ ಕೂಡಲೇ ಬಾಗಿಲು ಹಾಕಿ ಚಾಪೆಯ ಮೇಲೆ ಕುಸಿದು ಕುಳಿತಳು.

ನನಗೆ ಮೊದಲು ನಗು ಬಂತು. ಸುಳ್ಳೇಕೆ ಹೇಳಲಿ. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ. ಇವಳು ಅವನ ಹೆಗಲಿಗೆ ತಲೆ ಇಟ್ಟು ‘ಪ್ರಾಣನಾಥ’ ಅನ್ನಬೇಕು, ಎರಡು ಯುಗಳಗೀತೆ ಹಾಡಬೇಕು, ಒಂದರಲ್ಲಿ ಅವನು ಇವಳ ಸೆರಗು ಹಿಡಿದು ಎಳೆಯಬೇಕು. ಇಂಥ ಫಜೀತಿ ನಮ್ಮ ಕಸುಬಿನವರಿಗಲ್ಲದೆ ಇನ್ಯಾರಿಗೆ ಆದೀತು!

“ಅಕ್ಕಾ, ಫಿಕರ್ ಮಾಡಬ್ಯಾಡ” ಅಂದೆ. “ಬಣ್ಣ ಹಚ್ಚಿದ್ರ ನಿನ್ನ ಹಡದಾಕಿನೂ ನಿನ್ನ ಗುರುತು ಹಿಡಿಯಲ್ಲ. ಲಗ್ನದಾಗ ಬಿಳಿ ಸೀರಿ ಉಟ್ಟು ಮೂಲ್ಯಾಗ ಕುಂದ್ರು. ಅಂವಗ ಎಲ್ಲಿ ತಿಳೀತದ?”

“ಅಂವಗ ತಿಳಿಯಲ್ಲ. ನನಗ ತಿಳದದಲ್ಲ ಬಾನು!”

ನನ್ನ ನಗು ಅಲ್ಲಿಗೆ ನಿಂತಿತು.

“ಮುಂದ ಎಂದರ ಒಂದು ದಿನ ಗೊತ್ತಾಗೇ ಆಗ್ತದ” ಅಂದಳು. “ಅವತ್ತು ಊರ ಮಂದಿ ನನ್ನ ಮಗಳಿಗಿ ಏನಂತಾರ? ನಿಮ್ಮವ್ವ ನಿನ್ನ ಗಂಡನ ಸಂಗಟ ಕುಣಿದಾಕಿ ಅಂತಾರ. ಆಕಿ ಆ ಮನ್ಯಾಗ ಬಾಳ್ವೆ ಮಾಡೋದು ಹ್ಯಾಂಗ?”

“ಹಂಗಾದ್ರ ವಾಪಸ್ ಹೋಗಮು ನಡಿ.”

“ಎರಡು ತಿಂಗಳು ಕಲ್ತ ಮಂದಿ. ಊರೂರಿಗಿ ಸಾರ್ಯಾರ. ಹಂಗ ಬಿಟ್ಟು ಹೋಗಲಿಕ್ಕಿ ಬರ್ತದೇನು?” ಆಮೇಲೆ ನನ್ನ ಮುಖ ನೋಡಿದಳು. “ನಿನಗ ನನ್ನ ಪಾರ್ಟ್ ಪೂರಾ ಬರ್ತದಲ್ಲ?”

ಬರುತ್ತಿತ್ತು. ಹತ್ತು ವರ್ಷ ಪರದೆಯ ಅಂಚಿನಲ್ಲಿ ನಿಂತು ಅವಳ ಪ್ರತಿಯೊಂದು ಮಾತನ್ನು, ಪ್ರತಿಯೊಂದು ಹಾಡನ್ನು ತುಟಿಯಲ್ಲೇ ಆಡಿದವಳು ನಾನು. ಅವಳ ಎದೆಗೆ ಬೆಂಕಿ ಬಿದ್ದ ಹೊತ್ತಿನಲ್ಲಿ ನನಗೆ ಒಳಗೊಳಗೇ ಸಕ್ಕರೆ ತಿಂದಂತಾಯಿತು. ಆಮೇಲೆ ನಾಚಿಕೆಯೂ ಆಯಿತು. ಎರಡೂ ನಿಜ.

ಮಡಿವಾಳಯ್ಯ ಮಾಸ್ತರ ಮಾತ್ರ ಹೌಹಾರಿದ. ಟ್ರಯಲ್ಲಿಗೆ ಅಂತ ಸಾಲಿಯ ಅಂಗಳದಲ್ಲಿ ಊರ ಹತ್ತು ಹದಿನೈದು ಗಂಡಸರು ಕೂಡಿದ್ದರು.

“ಕುಮಾರಿ ರತ್ನಮಾಲಾ ನಾಯಕಿ ಅಂತ ಹ್ಯಾಂಡ್‌ಬಿಲ್ ಹಂಚೀವಿ ರಿ! ಈಗ ತಾಯಿ ಪಾರ್ಟ್ ಮಾಡ್ತೀನಿ ಅಂದ್ರ ಹ್ಯಾಂಗ? ಯಾಕ ಮಾಡಲ್ಲ, ಅದರ ಹೇಳ್ರಿ.”

“ಮೊಣಕಾಲು ನೋಯ್ತಾವ ರಿ.”

“ಎಣ್ಣಿ ತಿಕ್ಕಸ್ತೀನಿ.”

“ಉಸಿರು ಹಿಡಿಯಲ್ಲ.”

“ಎರಡು ಹಾಡು ಬಿಡ್ರಿ. ಒಂದೇ ಹಾಡ್ರಿ.”

ಆಗ ಅವಳು ಎದ್ದು ನಿಂತು, ಅಷ್ಟೂ ಗಂಡಸರ ಎದುರು, ಅಳಿಯನೂ ಅಲ್ಲೇ ನಿಂತಿದ್ದಾಗ, “ಮಾಸ್ತರ, ನನಗ ನಲವತ್ತೆರಡು” ಅಂದಳು. “ಈ ಹುಡುಗನಷ್ಟು ವಯಸ್ಸಿನ ಮಗ ಇರಬೇಕಾದಾಕಿ ನಾ. ಹೆಂಡತಿ ಅಂದ್ರ ನೋಡೋರಿಗೂ ಚೆಂದ ಅಲ್ಲ.”

ಸತ್ತರೂ ವಯಸ್ಸು ಹೇಳದ ಜಾತಿ ನಮ್ಮದು. ಬಾಬುಮಿಯಾನ ಮುಂದೆ ಅವಳು ಮೂವತ್ತು ದಾಟಿರಲಿಲ್ಲ. ಹಳ್ಳಿಯಲ್ಲಿ ಆಡಿದ ಇಂಥ ಮಾತು ನಾಳೆ ಸೇಡಂಗೆ ಮುಟ್ಟುತ್ತದೆ, ನಾಡಿದ್ದು ವಾಡಿಗೆ. ಒಮ್ಮೆ ತಾಯಿ ಪಾರ್ಟಿಗೆ ಇಳಿದವಳನ್ನು ಮತ್ತೆ ಯಾರೂ ಹೀರೋಯಿನ್ ಅಂತ ಕರೆಯುವುದಿಲ್ಲ, ಅದು ಮೆಟ್ಟಿಲಿಲ್ಲದ ಬಾವಿ. ನನಗೆ ಗೊತ್ತಿತ್ತು, ನಾನು ಇಪ್ಪತ್ನಾಲ್ಕಕ್ಕೇ ಇಳಿದವಳು. ಅವಳಿಗೂ ಗೊತ್ತಿತ್ತು. ಆಮೇಲೆ ಹಾಗೇ ಆಯಿತು ಕೂಡ. ಆ ವರ್ಷದಿಂದ ಅವಳಿಗೆ ಮುದುಕಿ ಪಾರ್ಟೇ ಬಂದವು.

ಸಂಜೆ ಬಣ್ಣಕ್ಕೆ ಕೂತೆವು. ನಾನು ಮುದುಕಿಯಾಗುವಾಗ ಒಂದು ಡಬ್ಬಿ ಸಫೇದಾ ಬಿಳಿ ಪುಡಿ ತಲೆಗೆ ಸುರಿದುಕೊಳ್ಳುತ್ತಿದ್ದೆ. ಅದೇ ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. ಒಂದು ಬಟ್ಟೆ ಒದ್ದೆ ಮಾಡಿ ಕಿವಿಯ ಮೇಲಿನ ಕೂದಲಿಗೆ ಹಚ್ಚಿದ ಕಾಡಿಗೆಯನ್ನೆಲ್ಲ ಒರೆಸಿದಳು. ಕೆಳಗಿನಿಂದ ಅವಳದೇ ಬಿಳಿ ಕೂದಲು ಹೊರಬಂತು. ಗಂಡ ಸತ್ತ ಮೇಲೂ ಕುಂಕುಮ ಹಚ್ಚಿಕೊಂಡೇ ರಂಗಕ್ಕೆ ಹೋಗುತ್ತಿದ್ದವಳು ಅಂದು ಹಣೆ ಬರಿದು ಮಾಡಿಕೊಂಡಳು. ನಾಟಕದ ತಾಯಿ ವಿಧವೆ. ನನ್ನ ಕಣ್ಣು ತುಂಬಿತು. ಹೀರೋಯಿನ್ನಿನ ಕಾಡಿಗೆ ಇಳಿದೀತು ಅಂತ ತಡೆದುಕೊಂಡೆ.

ನಾನು ರಂಗಕ್ಕೆ ಬಂದ ಕೂಡಲೇ ಮುಂದೆ ಕೂತವನೊಬ್ಬ, “ಏ, ಸ್ಟೇಜಿನ ಹಲಿಗಿ ಗಟ್ಟಿ ಅದ ಇಲ್ಲೋ ನೋಡ್ರಿ!” ಅಂದ. ಮಂದಿ ಕೊಳ್ಳೆಂದು ನಕ್ಕಿತು. ನಾನು ಬಿಡುತ್ತೇನೆಯೇ? ಗಂಡನ ಕಡೆ ತಿರುಗಿ, “ನೋಡಿದಿರಾ ಪ್ರಾಣನಾಥ, ಉಣ್ಣಲು ಗತಿಯಿಲ್ಲದವರಿಗೆ ನಮ್ಮ ಮನೆಯ ಅಡುಗೆಯ ಮೇಲೆ ಕಣ್ಣು” ಅಂದೆ. ಆಮೇಲೆ ನನ್ನ ತಂಟೆಗೆ ಯಾರೂ ಬರಲಿಲ್ಲ. ದೇವಿಂದ್ರಪ್ಪ ತಾಳ ತಪ್ಪಿದಲ್ಲೆಲ್ಲ ನಾನು ಕೈ ಹಿಡಿದು ತಿರುಗಿಸಿದೆ. ಹುಡುಗ ಒಳ್ಳೆಯವನು. ನನ್ನ ಸೆರಗು ಎಳೆಯುವ ಜಾಗದಲ್ಲಿ ಎರಡು ಬೆರಳಿನಿಂದ, ಬಿಸಿ ಪಾತ್ರೆ ಹಿಡಿದವರಂತೆ ಹಿಡಿದ.

ಆದರೆ ನಾಟಕ ಎದ್ದು ನಿಂತದ್ದು ಗುರುದೇವಿಯಿಂದ. ಅವಳು ತಾಯಿಯಾಗಿ, “ಮಗಾ, ಉಂಡೆಯಾ?” ಅಂತ ಕೇಳಿದರೆ ಸಾಕು, ಹೆಂಗಸರ ಕಡೆ ಮೂಗು ಎಳೆಯುವ ಸದ್ದು ಶುರುವಾಗುತ್ತಿತ್ತು. ಹತ್ತು ವರ್ಷ ಅದೇ ಪಾರ್ಟ್ ಮಾಡಿದ ನನಗೆ ಹೊಟ್ಟೆ ಉರಿಯಿತು. ನಾನು ಕೂಗಿ ಅಳುತ್ತಿದ್ದೆ. ಅವಳು ಅಳಲೇ ಇಲ್ಲ, ಬರೀ ಅವನ ತಟ್ಟೆ ನೋಡುತ್ತಿದ್ದಳು.

ಅರ್ಧ ನಾಟಕ ಆದ ಮೇಲೆ ಆಹೇರಿ ಶುರುವಾಯಿತು. ನಮ್ಮ ಕಡೆಯ ನಾಟಕದಲ್ಲಿ ಇದು ಇದ್ದೇ ಇರುತ್ತದೆ. ಪಾತ್ರಧಾರಿಯ ಬಂಧುಗಳು ರಂಗದ ಮೇಲೆ ಹತ್ತಿ ಧೋತರ, ರುಮಾಲು, ಅಂಗಿ ಬಟ್ಟೆ, ಕೈಲಾದವರು ಬೆಳ್ಳಿ ಬಂಗಾರ ಕೊಡುತ್ತಾರೆ. ಕೊಟ್ಟವರ ಹೆಸರು, ಸಂಬಂಧ ಮೈಕಿನಲ್ಲಿ ಸಾರುತ್ತಾರೆ. ಅಂದು ಮೈಕ್ ಹಿಡಿದವನು ತಮ್ಮಣ್ಣ ಅನ್ನುವವನು, ಬಾಯಿಬಡುಕ. ಕೊಡ್ಲಿಯಿಂದ ದೇವಿಂದ್ರಪ್ಪನ ತಾಯಿ ಭಾಗಮ್ಮ, ಸೋದರಮಾವ ಬಂದಿದ್ದರು. ಭಾಗಮ್ಮ ಗಟ್ಟಿ ಹೆಂಗಸು, ದೊಡ್ಡ ದನಿ. ಮಗನಿಗೆ ಧೋತರ ಹೊದಿಸಿ ದೃಷ್ಟಿ ತೆಗೆದು ಇಳಿದುಹೋದಳು. ಮಾವನದಾಯಿತು, ಸಾಲಿಯವರದಾಯಿತು.

ಆಗ ತಮ್ಮಣ್ಣನಿಗೆ ಚೇಷ್ಟೆ ಹತ್ತಿತು.

“ನಮ್ಮ ಮಾಸ್ತರರ ಲಗ್ನ ಗೊತ್ತಾಗ್ಯದ ರಿ! ನಾಲವಾರದ ಬೀಗರು ಎಲ್ಲಿ ಅದಾರ? ಬರ್ರಿ, ಬರ್ರಿ! ಬೀಗರ ಆಹೇರಿ ಇಲ್ದ ಹೀರೋ ಅಂದ್ರ ಬಾಸಿಂಗ ಇಲ್ದ ಮದುಮಗ!”

ಮಂದಿ ನಕ್ಕಿತು. ಯಾರೂ ಬರಲಿಲ್ಲ. ಬರುವುದಾದರೂ ಹೇಗೆ? ಹುಡುಗ ಪಾರ್ಟ್ ಹಿಡಿದು ಎಂಟು ದಿನ ಆಗಿತ್ತಷ್ಟೇ, ನಾಲವಾರದವರಿಗೆ ಸುದ್ದಿಯೇ ಇರಲಿಲ್ಲ. ಆದರೆ ತುಂಬಿದ ಸಭೆಗೆ ಅದು ಯಾಕೆ ಬೇಕು? ತಮ್ಮಣ್ಣ ಎರಡನೆಯ ಸಲ ಕೂಗಿದ, ಮೂರನೆಯ ಸಲ ಕೂಗಿದ. ದೇವಿಂದ್ರಪ್ಪ ತಲೆ ತಗ್ಗಿಸಿ ನಿಂತ. ಸೋದರಮಾವ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ತಂಗಿಗೆ ಅಂದ:

“ಭಾಗೂ, ಲಗ್ನಕ್ಕಿಂತ ಮೊದಲೇ ಇಂಥ ಬೇಇಜ್ಜತಿ. ತಂದಿ ಇಲ್ಲ, ತಾಯಿ ಮುಖ ಒಬ್ಬರೂ ನೋಡಿಲ್ಲ. ಈ ಸಂಬಂಧ ಬ್ಯಾಡ ಅಂತ ನಾ ಅವತ್ತೇ ಹೇಳೀನಿ. ಇನ್ನೂ ಟೈಮ್ ಅದ, ವಿಚಾರ ಮಾಡು.”

ಭಾಗಮ್ಮನ ಮುಖ ಸಣ್ಣದಾಯಿತು.

ಗುರುದೇವಿ ನನ್ನ ಪಕ್ಕದಲ್ಲಿ ಪರದೆಯ ಅಂಚಿಗೆ ನಿಂತಿದ್ದಳು. ಯಾವ ಲಗ್ನ ಉಳಿಯಲಿ ಅಂತ ಬಾಯಿ ಮುಚ್ಚಿಕೊಂಡಿದ್ದಳೋ, ಅದೇ ಲಗ್ನ ಅವಳು ಬಾಯಿ ಮುಚ್ಚಿಕೊಂಡದ್ದರಿಂದ ಮುರಿಯುತ್ತಿತ್ತು. ಬಾಯಿ ಬಿಟ್ಟರೆ ಉಳಿದೀತು ಅಂತಲೂ ಇಲ್ಲ. ಅವಳ ಬಲಗೈ ಎಡಗೈಯ ಉಂಗುರವನ್ನು ತಿರುವುತ್ತಿತ್ತು. ಗಂಡ ಹಾಕಿದ ಉಂಗುರ, ಅವಳ ಮೈಮೇಲಿನ ಒಂದೇ ಒಂದು ನಿಜವಾದ ಬಂಗಾರ.

ನಾನು ಅವಳ ಸೆರಗು ಹಿಡಿದೆ. “ಅಕ್ಕಾ, ಸುಮ್ಮನಿರು. ನಾಳಿಗಿ ನಿಮ್ಮಣ್ಣ ಬಂದು ಹ್ಯಾಂಗರ ಸಮಜಾಯಿಸ್ತಾನ. ನಿನ್ನ ಕೈ ಮುಗೀತೀನಿ.”

“ಬಿಡು ಬಾನು.”

ನಾನು ಬಿಡಲಿಲ್ಲ. ಅವಳೇ ಬಿಡಿಸಿಕೊಂಡು ಹೋದಳು.

ತಮ್ಮಣ್ಣ, “ಓಹೋ, ನಾಟಕದ ತಾಯಿನೇ ಆಹೇರಿ ಮಾಡ್ಲಿಕತ್ತಾಳ! ಯಾರ ಹೆಸರು ಹೇಳಲಿ ರಿ?” ಅಂದ.

“ನಾಲವಾರದ ಮಾಣಿಕಮ್ಮನ ತಾಯಿ ಗುರುದೇವಿ ಅಂತ ಹೇಳ್ರಿ. ಅಳಿಯಗ ಒಂದು ಉಂಗುರ.”

ಹಾಸ್ಯ ಅಂದುಕೊಂಡು ಸಭೆ ಹೋ ಅಂತು. ಸಿಳ್ಳೆ ಬಿದ್ದವು. ಅವಳು ಸಿಳ್ಳೆ ನಿಲ್ಲುವವರೆಗೆ ಕಾದಳು, ಆಮೇಲೆ ಮೈಕ್ ತನ್ನ ಕಡೆ ಎಳೆದುಕೊಂಡಳು. ಅದು ಅವಳ ನಾಟಕದ ದನಿ ಆಗಿರಲಿಲ್ಲ. ಬಾವಿಯ ಕಟ್ಟೆಯಲ್ಲಿ ಹೆಂಗಸರ ಸಂಗಡ ಮಾತಾಡುವ ದನಿ.

“ದವಾಖಾನಿ ಆಯಾ ಅಂತ ನಿಮಗ ಸುಳ್ಳು ಹೇಳೀವಿ. ಹುಡುಗಿಗಿ ಹಡದಾಕಿ ನಾನೇ. ಬಣ್ಣ ಹಚ್ಚಿ ದುಡಿದು ಆಕಿನ ಸಾಕೀನಿ, ಆದ್ರ ಆಕಿಗಿ ಈ ಬಣ್ಣ ಸೋಂಕಿಲ್ಲ. ಬೀಗರು ಬಂದಿಲ್ಲ ಅನಬ್ಯಾಡ್ರಿ. ಸುಳ್ಳು ನಂದು, ಸಿಟ್ಟು ನನ್ನ ಮ್ಯಾಲ ಮಾಡ್ರಿ. ಹುಡುಗಿ ಮ್ಯಾಲ ಮಾಡಬ್ಯಾಡ್ರಿ.”

ಉಂಗುರ ತೆಗೆದು ಅವನ ಅಂಗೈಯಲ್ಲಿಟ್ಟಳು. ಬೆರಳಿಗೆ ತೊಡಿಸಲಿಲ್ಲ, ಅಳಿಯನ ಕೈ ಮುಟ್ಟಲಿಲ್ಲ. ಗ್ಯಾಸ್‌ಬತ್ತಿಯ ಬುಸುಬುಸು ಕೇಳುತ್ತಿತ್ತು. ನಾನು ಭಾಗಮ್ಮನ ಕಡೆ ನೋಡಿದೆ. ಅವಳು ಕೂತಲ್ಲೇ ಕಲ್ಲಾಗಿದ್ದಳು. ಸೋದರಮಾವ ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಹೊರಗೆ ನಡೆದ. ಮುಗಿಯಿತು ಅಂದುಕೊಂಡೆ.

ಮಡಿವಾಳಯ್ಯ ಮಾಸ್ತರನಿಗೆ ಭೂಮಿ ಬಾಯಿಬಿಟ್ಟರೂ ನಾಟಕ ನಿಲ್ಲಬಾರದು. ಸೀಟಿ ಊದಿದ, ಪೇಟಿಯವನಿಗೆ ಕಣ್ಣು ಕೆಕ್ಕರಿಸಿದ, ನನ್ನನ್ನು ಹಿಂದಿನಿಂದ ನೂಕಿದ. ಮುಂದಿನ ಸೀನು ಯಾವುದು ಅಂತ ಅವನಿಗೆ ನೆನಪಿತ್ತೋ ಇಲ್ಲವೋ. ಹೆಂಡತಿಯ ಮಾತು ಕೇಳಿ ಮಗ ತಾಯಿಯನ್ನು ಮನೆಯಿಂದ ಹೊರಗೆ ಹಾಕುವ ಸೀನು.

ಗುರುದೇವಿ ಬಟ್ಟೆಗಂಟು ಹಿಡಿದು ನಿಂತಳು. ನಾನು ನನ್ನ ಚಾಡಿ ಮಾತು ಹೇಳಿದೆ. ಈಗ ದೇವಿಂದ್ರಪ್ಪ ಹೇಳಬೇಕು. ಅವನು ಮುಷ್ಟಿಯಲ್ಲಿ ಉಂಗುರ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟ.

“ನೀನು ನನ್ನ ತಾಯಿಯೇ ಅಲ್ಲ, ನಡೆ ಹೊರಗೆ!” ಪರದೆಯ ಹಿಂದಿನಿಂದ ಮಡಿವಾಳಯ್ಯ ಮಾತು ಎತ್ತಿಕೊಟ್ಟ. ಹುಡುಗ ಅನ್ನಲಿಲ್ಲ. ಮಾಸ್ತರ ಇನ್ನೊಮ್ಮೆ ಅಂದ. ಮೂರನೆಯ ಸಲ ಹಿಂದಿನ ಸಾಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಅಂದ.

ಗುರುದೇವಿ ತುಟಿ ಅಲುಗಿಸದಂತೆ, “ಅನ್ರಿ ಮಾಸ್ತರ” ಅಂದಳು. “ಪಾರ್ಟ್ ಕೆಡಸಬಾರ್ದು. ಅನ್ರಿ.”

ಅವನು ಉಸಿರು ಎಳೆದುಕೊಂಡ. “ನೀನು ನನ್ನ...” ಅಂದ.

ಹೆಂಗಸರ ನಡುವಿನಿಂದ ಭಾಗಮ್ಮ ಧಡಕ್ಕನೆ ಎದ್ದಳು.

“ಏ ದೇವಿಂದ್ರಾ! ಬೀಗತಿಗಿ ಹಂಗ ಅಂದಿ ಅಂದ್ರ ನಾಲಿಗಿ ಕೀಳ್ತೀನಿ ನೋಡು!”

ಮಂದಿಯೆಲ್ಲ ತಿರುಗಿ ಅವಳನ್ನೇ ನೋಡಿತು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಮಾಸ್ತರ ಇದ್ದ ಪರದೆಯ ಕಡೆ ಕೈ ಮಾಡಿ, “ನೀ ಏನು ಕಲಿಸ್ಲಿಕತ್ತೀದಿ ಮಾರಾಯಾ ನನ್ನ ಮಗಗ? ಬ್ಯಾರೆ ಮಾತು ಬರೀಲಿಕ್ಕಿ ಬರಲಿಲ್ಲೇನು?” ಅಂದಳು.

ಸಭೆಯಲ್ಲಿ ಒಬ್ಬ ನಕ್ಕ, ಒಬ್ಬಳು ಅತ್ತಳು, ಆಮೇಲೆ ಯಾರು ನಗುತ್ತಾರೆ ಯಾರು ಅಳುತ್ತಾರೆ ತಿಳಿಯದಾಯಿತು. ದೇವಿಂದ್ರಪ್ಪ ಮುಖ ಮುಚ್ಚಿಕೊಂಡ. ಮಾಸ್ತರ ಪುಸ್ತಕದಿಂದ ಹಣೆ ಬಡಿದುಕೊಂಡ. ನಾಟಕ ನಡೆಸುವವರು ಯಾರೂ ಇರಲಿಲ್ಲ, ಹಾಗಾಗಿ ನಾನೇ ನಡೆಸಿದೆ. “ಅವರೇನು ಹೇಳುವುದು, ನಾನೇ ಹೇಳುತ್ತೇನೆ, ನಡೆ ಮುದುಕಿ!” ಅಂದು ಅವಳ ತೋಳು ಹಿಡಿದು ಹೊರಗೆ ನೂಕಿದೆ. ಮುಧೋಳದ ಹೆಂಗಸರು ನನ್ನ ವಂಶವನ್ನೆಲ್ಲ ಬೈದರು. ಒಂದು ಚಪ್ಪಲಿಯೂ ಬಂತು. ಹತ್ತು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಆಹೇರಿ.

ಪರದೆಯ ಹಿಂದೆ ಹೋದ ಮೇಲೆ ಅವಳು ಗಂಟು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದಳು.

“ಬಾನು, ಆಕಿ ಏನಂದ್ಲು?”

“ಬೀಗತಿ ಅಂದ್ಲು, ಅಕ್ಕಾ.”

“ನನಗ?”

“ಮತ್ಯಾರಿಗಿ, ನನಗಂತಾಳೇನು?”

“ಇನ್ನೊಮ್ಮೆ ಹೇಳು.”

ಆಚೆ ನನ್ನ ಹಾಡಿನ ಸರದಿ. ಪೇಟಿಯವನು ಸುರ ಹಿಡಿದು ಕಾಯುತ್ತಿದ್ದ, ಮಾಸ್ತರ ಹೀರೋಯಿನ್ ಹೀರೋಯಿನ್ ಅಂತ ಒದರುತ್ತಿದ್ದ. ಒದರಲಿ ಅಂತ ಬಿಟ್ಟೆ. ಅವಳ ಗಲ್ಲ ಹಿಡಿದು ಇನ್ನೊಮ್ಮೆ ಹೇಳಿದೆ.